ಮೈಕಿನಲ್ಲಿ ಕೇಳಿದ ಬಾಣಲೆ

ಹೋದ ವಾರ ಹರಿಹರದಲ್ಲಿ ಒಂದು ಮೆಣಸಿನಕಾಯಿ ಬಜ್ಜಿ ಮೈಕಿನಲ್ಲಿ ಮಾತಾಡಿತು.

ನಗಬೇಡಿ. ನಾನೇ ಕೇಳಿದ್ದೇನೆ. ನಾನೊಬ್ಬಳೇ ಅಲ್ಲ, ಹಾಲ್ ತುಂಬ ಕೂತಿದ್ದ ಹೆಂಗಸರು, ಕಿಟಕಿಗೆ ಜೋತುಬಿದ್ದಿದ್ದ ಗಂಡಸರು, ಎಲ್ಲರೂ ಕೇಳಿದ್ದಾರೆ. ಅದು ಏನು ಹೇಳಿತು ಅನ್ನುವುದು ಆಮೇಲೆ. ಮೊದಲು ನಮ್ಮ ಮನೆಯ ಬಾಣಲೆಯ ವಿಷಯ.

ನಮ್ಮ ಅತ್ತೆ ಹಾಲಮ್ಮನವರು ಹೋದ ವರ್ಷ ತೀರಿಕೊಂಡರು. (ಆಗ ಈ ಅಂಕಣ ಕೆಲವು ವಾರ ಬರಲಿಲ್ಲ. ಯಾಕೆ ಅಂತ ಕಾರ್ಡು ಹಾಕಿ ವಿಚಾರಿಸಿದವರಿಗೆ ಉತ್ತರ ಬರೆಯಲು ಆಗಲಿಲ್ಲ. ಇದೇ ಉತ್ತರ ಅಂದುಕೊಳ್ಳಿ.) ನಾನು ಮದುವೆಯಾಗಿ ದಾವಣಗೆರೆಗೆ ಬಂದ ದಿನದಿಂದ ನಾವಿಬ್ಬರೂ ಒಂದೇ ಅಡಿಗೆಮನೆಯಲ್ಲಿ ಇದ್ದವರು. ಜಗಳ ಆಡಿದ್ದು ಅಲ್ಲೇ, ರಾಜಿ ಆದದ್ದೂ ಅಲ್ಲೇ. ನಾನು ಮಾಡಿದ ಯಾವ ಅಡಿಗೆಯಲ್ಲೂ ಅವರಿಗೆ ಉಪ್ಪು ಸಾಲುತ್ತಿರಲಿಲ್ಲ. ಊಟಕ್ಕೆ ಕೂತು ಮೊದಲ ತುತ್ತು ಬಾಯಿಗಿಟ್ಟ ಕೂಡಲೇ ಕತ್ತು ಮೇಲೆತ್ತಿ ಕೇಳುವರು: "ಉಪ್ಪೆಲ್ಲೈತೆ?"

ಈಗ ಯಾರೂ ಕೇಳುವುದಿಲ್ಲ. ನಾನು ಹಾಕಿದಷ್ಟೇ ಉಪ್ಪು.

ನಮ್ಮ ಮನೆತನದಲ್ಲಿ ಒಂದು ಪದ್ಧತಿ ಇದೆ. ಸಾವಾದ ಮನೆಯಲ್ಲಿ ಎಣ್ಣೆಯಲ್ಲಿ ಕರಿಯುವ ಹಾಗಿಲ್ಲ. ಹೋದವರು ಹೆಂಗಸಾದರೆ ಅವರ ತವರಿನವರು ಬಂದು, ಒಲೆಯ ಮೇಲೆ ಬಾಣಲೆ ಇಟ್ಟು, ತಮ್ಮ ಕೈಯಿಂದ ಎಣ್ಣೆ ಹಾಕಿ, ಮೊದಲ ಒಬ್ಬೆ ಕರಿದು ಕೊಡಬೇಕು. "ಅತ್ತದ್ದು ಸಾಕು, ಇನ್ನು ಉಣ್ಣಿರಿ" ಅಂತ ಅದರ ಅರ್ಥ. ಅಲ್ಲಿಯವರೆಗೆ ಬಾಣಲೆ ಗೋಡೆಯ ಮೊಳೆಗೆ ಬೆನ್ನು ತೋರಿಸಿಕೊಂಡು ತೂಗಾಡುತ್ತಿರಬೇಕು. ಹಪ್ಪಳ ಸುಡುವುದೂ ಕೆಂಡದ ಮೇಲೆಯೇ.

ಸಾಮಾನ್ಯವಾಗಿ ತಿಂಗಳೊಳಗೆ ಈ ಕೆಲಸ ಮುಗಿಯುತ್ತದೆ. ನಮ್ಮ ಮನೆಯಲ್ಲಿ ವರ್ಷವಾದರೂ ಮುಗಿಯಲಿಲ್ಲ.

ಯಾಕೆಂದರೆ ಅತ್ತೆಯ ತವರಿನಲ್ಲಿ ಉಳಿದವರು ಒಬ್ಬರೇ. ಹರಿಹರದ ಕೊಟ್ರಪ್ಪ ಮಾವ. ಅತ್ತೆಯ ತಮ್ಮ, ನಮ್ಮ ಮನೆಯವರಿಗೆ ಸೋದರಮಾವ. ಬಿಳಿ ರುಮಾಲು, ಕಪ್ಪು ಕೋಟು, ಜೇಬಿನಲ್ಲಿ ಸದಾ ಕಲ್ಲುಸಕ್ಕರೆ. ಅಕ್ಕನೆಂದರೆ ಪ್ರಾಣ. ಈ ಮನುಷ್ಯ ಬರಲೇ ಇಲ್ಲ.

ಮೊದಲು ಕೆಮ್ಮು ಅಂದರು. ಸರಿ. ಆಮೇಲೆ ಅಮಾವಾಸ್ಯೆ ಹತ್ತಿರ ಬಂತು ಅಂದರು. ಅದೂ ಸರಿ. ಮಳೆಗಾಲದಲ್ಲಿ ನಮ್ಮ ಮನೆಯವರು ಖುದ್ದಾಗಿ ಕರೆಯಲು ಹೋದರೆ, "ಹೊಳಿ ತುಂಬಿ ಹರಿಯಕತ್ತೈತಪ್ಪ, ಹೆಂಗೆ ಬರ್ಲಿ?" ಅಂದರಂತೆ.

ಹರಿಹರ ನೋಡಿದವರಿಗೆ ಗೊತ್ತು. ಹೊಳೆ ಊರಿನ ಆ ಕಡೆ, ದಾವಣಗೆರೆ ಈ ಕಡೆ. ನಮ್ಮೂರಿಗೆ ಬರಲು ತುಂಗಭದ್ರೆಯನ್ನು ದಾಟುವುದೇ ಬೇಡ! ನಮ್ಮ ಮನೆಯವರು ಏನೂ ಹೇಳದೆ ವಾಪಸು ಬಂದರು. ಹಿರಿಯರ ಮುಂದೆ ಭೂಗೋಳ ಹೇಳುವುದುಂಟೆ?

ನನಗೂ ಅವಸರ ಇರಲಿಲ್ಲ. ಕರಿದದ್ದು ತಿನ್ನದಿದ್ದರೆ ಯಾರೂ ಸಾಯುವುದಿಲ್ಲ. ಆದರೆ ಈಗ ನಮ್ಮ ಮಗಳು ನಿರ್ಮಲಳಿಗೆ ಏಳು ತಿಂಗಳು. ಮಲೆಬೆನ್ನೂರಿಗೆ ಕೊಟ್ಟಿದ್ದೇವೆ. ಚೊಚ್ಚಲ ಬಸುರಿಗೆ ತವರಿನವರು ಕುಬಸ ಮಾಡಬೇಕು. ಹಸಿರು ಸೀರೆ, ಹಸಿರು ಬಳೆ, ಬುಟ್ಟಿ ತುಂಬ ಕರ್ಜಿಕಾಯಿ, ಚಕ್ಕುಲಿ. ಬಾಣಲೆ ಇಡದ ಮನೆಯಿಂದ ಕರ್ಜಿಕಾಯಿ ಹೋಗುವುದು ಹೇಗೆ? ಬೀಗತಿ ಸಂತೆಗೆ ಬಂದವರ ಕೈಯಲ್ಲಿ ಹೇಳಿ ಕಳಿಸಿದರು: "ನಿಮ್ಮನೆ ಬಾಣ್ಲಿ ಇಳಿಯೋದರಾಗ ಕೂಸು ಹುಟ್ಟಿ ನಡದಾಡ್ತೈತಿ."

ಕಟಕಿ ಮಾತೇ. ಆದರೆ ಸುಳ್ಳೇನಲ್ಲ.

ನಿರ್ಮಲಳೂ ನಾಲ್ಕು ದಿನ ಇದ್ದು ಹೋಗಲು ಬಂದಿದ್ದಳು. ಬಯಕೆ ಏನವ್ವ ಅಂದರೆ "ಮಂಡಕ್ಕಿ, ಮಿರ್ಚಿ" ಅಂದಳು. ದಾವಣಗೆರೆಯ ಹುಡುಗಿ ಇನ್ನೇನು ಕೇಳಿಯಾಳು? ನಮ್ಮ ಮನೆಯವರು ಅಂಗಡಿಯಿಂದ ಬಿಸಿ ಬಿಸಿ ಕಟ್ಟಿಸಿಕೊಂಡು ಬಂದರು. ಹುಡುಗಿ ಪೊಟ್ಟಣ ಬಿಚ್ಚಿ, ಮೂಸಿ, ಪಕ್ಕಕ್ಕಿಟ್ಟಳು.

"ಅಂಗಡೀದು ಬ್ಯಾಡವ್ವ. ಅಜ್ಜಿ ಮಾಡ್ತಿದ್ಲಲ್ಲ, ಹಂಗೆ ಬೇಕು."

ಮಾರನೆಯ ಬೆಳಿಗ್ಗೆ ನಾನು ಹರಿಹರದ ರೈಲು ಹತ್ತಿದೆ. ಇವತ್ತು ಕರೆದುಕೊಂಡೇ ಬರಬೇಕು ಅಂತ ನಿಶ್ಚಯ ಮಾಡಿಕೊಂಡೇ ಹೋಗಿದ್ದೆ.

ಮಾವ ಆಗಲೇ ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ನನ್ನನ್ನು ಕಂಡದ್ದೇ ಮುಖ ಸಣ್ಣದಾಯಿತು.

"ಬಾರವ್ವ ಗಿರಿಜಾ. ಎಲ್ಲಾ ಅರಾಮ?"

"ಅರಾಮ ಇದೀವಿ ಮಾವ. ನಿಮ್ಮನ್ನ ಕರಕೊಂಡು ಹೋಗಾಕೆ ಬಂದೀನಿ."

"ಇವತ್ತ? ಇವತ್ತು ಹೆಂಗಾಗ್ತೈತವ್ವ? ಸಾಲಿ ಹಾಲ್‌ನಾಗೆ ಬೆಂಗಳೂರಿಂದ ಯಾರೋ ಸ್ಟೌ ತಂದಾರಂತೆ. ಸ್ಟೇಜಿನ ಮ್ಯಾಲೆ ಅಡಿಗಿ ಮಾಡಿ ತೋರಿಸ್ತಾರಂತೆ. ನನ್ನ ಕರದಾರೆ. ಹಿರೇರು ಬರದಿದ್ರೆ ಹೆಂಗೆ ಅಂದಾರೆ. ನೀನೂ ಬಾ, ನೋಡುವಂತಿ."

ಕೆಮ್ಮು, ಅಮಾವಾಸ್ಯೆ, ಹೊಳೆ. ಈಗ ಸ್ಟೌ! ಕೋಪ ಬಂತು. ಆದರೆ ಅಲ್ಲಿಯ ತನಕ ಹೋಗಿ ಬರಿಗೈಲಿ ಬರುವುದಕ್ಕಿಂತ ಅವರ ಕೋಟಿನ ಹಿಂದೆಯೇ ಇರುವುದು ವಾಸಿ ಅನ್ನಿಸಿತು. ಹೋದೆ.

ಹಾಲ್‌ನಲ್ಲಿ ಕಾಲಿಡಲು ಜಾಗ ಇರಲಿಲ್ಲ. ಸ್ಟೇಜಿನ ಮೇಲೆ ಬಿಳಿ ಬಟ್ಟೆ ಹಾಸಿದ ಮೇಜು. ಮೇಜಿನ ಮೇಲೆ ಫಳಫಳ ಹೊಳೆಯುವ ಸೀಮೆಎಣ್ಣೆ ಸ್ಟೌ, ಅದರ ಮೇಲೆ ಹೊಸ ಬಾಣಲೆ, ಪಕ್ಕದಲ್ಲಿ ಮೈಕು. ಕೈಗೆ ವಾಚು ಕಟ್ಟಿದ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ ಒಬ್ಬ ಹುಡುಗಿ. ಎಲ್ಲರೂ ಅವಳನ್ನು ಮೇಡಂ ಅನ್ನುತ್ತಿದ್ದರು. ಇದಕ್ಕೆ ಡಿಮಾನ್‌ಸ್ಟ್ರೇಷನ್ ಅಂತ ಹೆಸರು ಅಂತ ಕಂಪನಿಯ ಮನುಷ್ಯ ಮೈಕಿನಲ್ಲಿ ಹೇಳಿದ.

ಅವನು ಇನ್ನೊಂದು ಮಾತೂ ಹೇಳಿದ. ದಿಲ್ಲಿಯಲ್ಲಿ ಈಗ ಚಿತ್ರ ಕಾಣುವ ರೇಡಿಯೋ ಬಂದಿದೆಯಂತೆ. ವಿಲಾಯತಿಯಲ್ಲಿ ಅದರಲ್ಲಿ ಅಡಿಗೆಯನ್ನೂ ತೋರಿಸುತ್ತಾರಂತೆ. "ಮುಂದೆ ಒಂದು ದಿನ ತಾವೆಲ್ಲ ಮನೆಯಲ್ಲೇ ಕೂತು ಪೆಟ್ಟಿಗೆಯೊಳಗೆ ಅಡಿಗೆ ನೋಡುತ್ತೀರಿ!"

ಮುಂದಿನ ಸಾಲಿನಲ್ಲಿ, ನನ್ನ ಪಕ್ಕದಲ್ಲೇ, ಒಬ್ಬ ಅಜ್ಜಿ ಕೂತಿದ್ದಳು. ಬಸಮ್ಮಜ್ಜಿ ಅಂತೆ, ಮಾವನ ಓಣಿಯವಳೇ. ನಾನು ಕೂತ ಕೂಡಲೇ ಯಾವೂರು ಅಂತ ವಿಚಾರಿಸಿಕೊಂಡಿದ್ದಳು. ಕೂತಲ್ಲಿಂದಲೇ ಕೇಳಿದಳು:

"ನಾವು ಈ ಕಡಿಂದ ಮಾತಾಡಿದ್ದು ಆಕಿಗೆ ಕೇಳ್ತೈತೇನಪ್ಪ?"

"ಇಲ್ಲ ಅಜ್ಜಿ, ಅವರದ್ದು ನಿಮಗೆ ಕೇಳುತ್ತೆ ಅಷ್ಟೇ."

"ಹಂಗಾರೆ ಅದೆಂಥ ಅಡಿಗಿ ಬಿಡು."

ಹಾಲ್ ಘೊಳ್ಳೆಂದು ನಕ್ಕಿತು.

ಉದ್ಘಾಟನೆಗೆ ಬರಬೇಕಾಗಿದ್ದ ದೊಡ್ಡ ಮನುಷ್ಯರು ಬರಲಿಲ್ಲ. (ಯಾವ ಊರಿನಲ್ಲಿ ಬಂದಿದ್ದಾರೆ?) ಸ್ಟೌ ಆಗಲೇ ಭುಸುಗುಡುತ್ತಿತ್ತು. ಬಾಣಲೆ ಬರಿದೇ ಕಾಯುತ್ತಿತ್ತು. ಕಂಪನಿಯವನು ಬೆವರು ಒರೆಸಿಕೊಂಡು ಕೆಳಗೆ ಕಣ್ಣಾಡಿಸಿದ. ಬಿಳಿ ರುಮಾಲು ಕಂಡಿತು.

"ಇಲ್ಲೇ ಇದ್ದಾರಲ್ಲ ಹಿರಿಯರು! ಯಜಮಾನರೇ, ತಾವು ದಯಮಾಡಿ ಮೇಲೆ ಬಂದು, ಬಾಣಲೆಗೆ ಎಣ್ಣೆ ಹಾಕಿ ಈ ಕಾರ್ಯಕ್ರಮವನ್ನು ಉದ್ಘಾಟಿಸಬೇಕು."

ಚಪ್ಪಾಳೆ. ಮಾವ ರುಮಾಲು ಸರಿಮಾಡಿಕೊಂಡರು. ಹೆಮ್ಮೆಯಿಂದ ಮೆಟ್ಟಿಲು ಹತ್ತಿದರು. ಎಣ್ಣೆಯ ಪಾತ್ರೆ ಎತ್ತಿ ಬಾಣಲೆಗೆ ಬಗ್ಗಿಸಿದರು. ಮತ್ತೆ ಚಪ್ಪಾಳೆ. ಅಲ್ಲೇ ಒಂದು ಕುರ್ಚಿ ಹಾಕಿ ಕೂರಿಸಿದರು.

ನಾನು ಕೆಳಗೆ ಕೂತು ನೋಡುತ್ತಿದ್ದೆ. ವರ್ಷದಿಂದ ಯಾವ ಕೈ ಎಣ್ಣೆ ಹಾಕಲಿ ಅಂತ ಕಾಯುತ್ತಿದ್ದೆನೋ ಆ ಕೈ ಯಾವುದೋ ಕಂಪನಿಯ ಬಾಣಲೆಗೆ ಧಾರಾಳವಾಗಿ ಎಣ್ಣೆ ಸುರಿಯಿತು. ಅವರಿಗೆ ಅದರ ಯೋಚನೆಯೇ ಬರಲಿಲ್ಲ.

ಮೇಡಂ ಶುರು ಮಾಡಿದಳು. "ಇವತ್ತು ನಿಮ್ಮ ಕಡೆಯ ತಿಂಡಿಯನ್ನೇ ಮಾಡೋಣ. ಮೆಣಸಿನಕಾಯಿ ಬಜ್ಜಿ."

ಅಷ್ಟೇ. ಅಲ್ಲಿಂದ ಮುಂದೆ ಆ ಹುಡುಗಿಗೆ ಒಂದು ವಾಕ್ಯವನ್ನೂ ಪೂರ್ತಿ ಮಾಡಲು ಯಾರೂ ಬಿಡಲಿಲ್ಲ.

"ಹಿಟ್ಟು ನೀರಾತು ನೋಡವ್ವ!"

"ಓಂಕಾಳು ಎಲ್ಲಿ? ಕೈಯಾಗ ತಿಕ್ಕಿ ಹಾಕು, ಹಂಗೇ ಹಾಕಬ್ಯಾಡ."

"ಕಾಯಿ ಹೊಟ್ಟಿ ಸೀಳು ಮೊದ್ಲು. ಇಲ್ಲಾಂದ್ರೆ ಎಣ್ಣ್ಯಾಗ ಸಿಡೀತೈತೆ, ಮೈಗೆ ಹಾರ್ತೈತೆ."

"ಉಪ್ಪು! ಉಪ್ಪು ಮರತ್ಲು! ಯವ್ವಾ, ಉಪ್ಪು!"

ಕೊನೆಯದನ್ನು ಕೂಗಿದವರು ಯಾರು ಗೊತ್ತೆ? ಸ್ಟೇಜಿನ ಮೇಲೆ ಕುರ್ಚಿಯಲ್ಲಿ ಕೂತಿದ್ದ ನಮ್ಮ ಕೊಟ್ರಪ್ಪ ಮಾವ. ಅಡಿಗೆಮನೆಯ ಹೊಸ್ತಿಲನ್ನು ಯಾವತ್ತೂ ದಾಟಿದವರಲ್ಲ.

ಹುಡುಗಿ ಜಾಣೆ. ಅಳುವ ಬದಲು ನಕ್ಕುಬಿಟ್ಟಳು. "ಆಯ್ತು, ನಾನು ಸೋತೆ! ಯಾರಾದರೂ ಒಬ್ಬರು ಬಂದು ಕರಿದು ತೋರಿಸಿ. ಚೆನ್ನಾಗಿ ಕರಿದವರಿಗೆ ಈ ಬಾಣಲೆಯೇ ಬಹುಮಾನ."

ಎಲ್ಲರೂ ಬೊಬ್ಬೆ ಹಾಕಿದವರೇ. ಮೇಲೆ ಬಾ ಅಂದರೆ ಯಾರೂ ಇಲ್ಲ. ಅಷ್ಟರಲ್ಲಿ ಬಸಮ್ಮಜ್ಜಿ ನನ್ನ ಬೆನ್ನಿಗೆ ಕೈ ಹಾಕಿದಳು. "ಈಕಿ ದಾವಣಗೆರಿಯಾಕಿ ಅದಾಳೆ! ಮಿರ್ಚಿ ಮಾಡೋದು ಅವರಿಗೆ ಬಿಟ್ಟು ಇನ್ಯಾರಿಗೆ ಬರ್ತೈತೆ? ಏಳವ್ವ, ಏಳು."

ಬರುವುದಿಲ್ಲ ಅಂದೆ. ಯಾಕೆ ಅಂದರು. ಅಷ್ಟು ಜನರ ಮಧ್ಯೆ ಹೇಗೆ ಹೇಳಲಿ, ನಮ್ಮ ಮನೆಯಲ್ಲಿ ಬಾಣಲೆ ಇಟ್ಟಿಲ್ಲ, ನನ್ನ ಕೈ ಎಣ್ಣೆಯ ಹತ್ತಿರ ಹೋಗಿ ವರ್ಷವಾಯಿತು ಅಂತ? ನಾಲ್ಕು ಕೈ ಸೇರಿ ನನ್ನನ್ನು ದೂಡಿದವು. ಮೇಲೆ ಹೋದೆ.

ಹಿಟ್ಟಿಗೆ ಉಪ್ಪು ಹಾಕಿದೆ. ಓಂಕಾಳು ತಿಕ್ಕಿ ಹಾಕಿದೆ. ಆಮೇಲೆ ಬಾಣಲೆಯ ಮುಂದೆ ನಿಂತೆ.

ನಮ್ಮ ಅತ್ತೆ ಎಣ್ಣೆ ಕಾದಿದೆಯೋ ಇಲ್ಲವೋ ಅಂತ ನೋಡುತ್ತಿರಲಿಲ್ಲ. ಕೇಳುತ್ತಿದ್ದರು. ಹಿಟ್ಟಿನ ಒಂದು ಹನಿಯನ್ನು ಬೆರಳಿನಿಂದ ಚಿಮ್ಮಿಸಿ, ಮುಖ ಆ ಕಡೆ ತಿರುಗಿಸಿ, ಕಿವಿಯನ್ನು ಬಾಣಲೆಗೆ ಕೊಡುತ್ತಿದ್ದರು. ಸದ್ದು ಸರಿ ಇದ್ದರೆ "ಹ್ಞಾ" ಅನ್ನುವರು. ಇಷ್ಟು ವರ್ಷ ಪಕ್ಕದಲ್ಲಿ ನಿಂತು ನಿಂತು ನನಗೂ ಅದೇ ಅಭ್ಯಾಸ. ಹನಿ ಚಿಮ್ಮಿಸಿದೆ. ಸ್ಟೌವಿನ ಭುಸುಗುಟ್ಟುವಿಕೆಯಲ್ಲಿ ಏನೂ ಕೇಳಲಿಲ್ಲ. ಇನ್ನಷ್ಟು ಬಗ್ಗಿ, ಮುಖ ತಿರುಗಿಸಿ, ಕಿವಿ ಕೊಟ್ಟೆ. ಮೇಡಂ ನನಗೆ ಮಾತಾಡುವುದಿದೆ ಅಂದುಕೊಂಡು ಮೈಕನ್ನು ಹತ್ತಿರ ತಂದಳು. ಇನ್ನೊಂದು ಹನಿ ಬಿತ್ತು.

ಚುರ್ರ್.

ಹಾಲ್ ತುಂಬ ಕೇಳಿತು. ಹೊರಗೆ ಮರಕ್ಕೆ ಕಟ್ಟಿದ್ದ ಲೌಡ್‌ಸ್ಪೀಕರಿನಲ್ಲೂ ಕೇಳಿರಬೇಕು. ಒಂದು ಮನೆಯ ಅಡಿಗೆಮನೆಯೊಳಗಿನ ಸದ್ದು, ಊರಿಗೆಲ್ಲ.

"ಹ್ಞಾ" ಅಂದೆ. ಅದೂ ಮೈಕಿನಲ್ಲೇ. ಮೆಣಸಿನಕಾಯಿ ಅದ್ದಿ ಒಂದೊಂದಾಗಿ ಬಿಟ್ಟೆ.

ಕುರ್ಚಿ ಸರಿದ ಸದ್ದಾಯಿತು. ಮಾವ ಎದ್ದು ನಿಂತಿದ್ದರು. ನನ್ನ ಮುಖವನ್ನೇ ನೋಡುತ್ತಿದ್ದರು.

"ನಮ್ಮಕ್ಕ ಹಿಂಗೇ..." ಅಂದರು. ಮೈಕು ಹತ್ತಿರ ಇದೆ ಅನ್ನುವುದೇ ಅವರಿಗೆ ಗೊತ್ತಿರಲಿಲ್ಲ. "ಹಿಂಗೇ ಕಿವಿ ಕೊಡ್ತಿದ್ಲು."

ಓಣಿಯ ಸುದ್ದಿಯೆಲ್ಲ ಗೊತ್ತಿದ್ದ ಬಸಮ್ಮಜ್ಜಿಗೆ ಆಗ ಹೊಳೆಯಿತು. ಕೆಳಗಿನಿಂದ ಕೇಳಿದಳು:

"ಏ ಕೊಟ್ರಪ್ಪ, ಈಕಿ ಹಾಲಮ್ಮನ ಸೊಸಿಯೇನು? ಆ ಮನಿಗೆ ಇನ್ನಾ ನೀನು ಬಾಣ್ಲಿ ಇಟ್ಟಿಲ್ಲ ಅಂತಾರಲ್ಲ?"

ಮಾವ ಬಾಣಲೆಯ ಕಡೆ ನೋಡಿದರು.

"ಈಗ ಎಣ್ಣಿ ನೀನು ಹಾಕ್ದಿ. ಆಕಿ ಕರದ್ಲು. ಮುಗೀತಲ್ಲ?"

"ಅದು ಕಂಪನಿ ಬಾಣ್ಲಿ" ಅಂದರು ಮಾವ, ಮೆಲ್ಲಗೆ.

ಈಗ ಹಾಲ್‌ಗೆ ಹಾಲೇ ಎದ್ದಿತು. ಬಜ್ಜಿಗಿಂತ ಒಳ್ಳೆಯ ವಿಷಯ ಸಿಕ್ಕಿತ್ತು! ಮನೆ ಒಲೆಯ ಮೇಲೆ ಇಟ್ಟರೇ ಇಟ್ಟ ಹಾಗೆ ಅಂತ ಒಬ್ಬರು. ಕೈ ಮುಖ್ಯ, ಒಲೆಯಲ್ಲ ಅಂತ ಇನ್ನೊಬ್ಬರು. ಸ್ಟೌ ಒಲೆಯೇ ಹೌದೋ ಅಲ್ಲವೋ ಅಂತ ಕಿಟಕಿಯ ಗಂಡಸರು. ಮೇಡಂ ನನ್ನ ಕಿವಿಯಲ್ಲಿ "ಏನಮ್ಮ, ಬಜ್ಜಿಯಲ್ಲಿ ಏನಾದರೂ ತಪ್ಪಾಯ್ತಾ?" ಅಂದಳು. ಎರಡು ಮಾತಿನಲ್ಲಿ ಹೇಳಿದೆ. ಅವಳ ಕಣ್ಣು ತುಂಬಿಕೊಂಡವು. ಮೈಕಿನ ಮುಂದೆ ನಿಂತು, "ಬಾಣಲೆ ಈಗ ಇವರದೇ. ಬಹುಮಾನ ಕೊಟ್ಟಾಯ್ತು" ಅಂದಳು.

"ಕೇಳ್ದೇನಪ್ಪ?" ಬಸಮ್ಮಜ್ಜಿ ಬಿಡಲಿಲ್ಲ. "ಬಾಣ್ಲಿ ಆಕಿದಾತು. ಈಗೇನು ನೆಪ ಹೇಳ್ತಿ? ಹೊಳಿ ತುಂಬೈತೆ ಅಂತೀಯೇನು?"

ಕಿಟಕಿಯಿಂದ ಯಾರೋ ಕೂಗಿದರು. "ಹೊಳಿ ಆ ಕಡಿ ಐತೋ ಮಾರಾಯ!"

ನಗು. ಮಾವನೂ ನಗಲು ನೋಡಿದರು. ಬಾಯಿ ಅಲುಗಿತು, ನಗು ಬರಲಿಲ್ಲ.

"ಎಣ್ಣಿ ಹಾಕಿದ್ರೆ..." ಅಂದರು. "ಹಾಕಿದ್ರೆ ಅಕ್ಕ ಹೋದಂಗೇ ಆತಲ್ಲವ್ವ. ಅದಕ್ಕೆ."

ಬಸಮ್ಮಜ್ಜಿ ಈಗ ಗದರದೆ, ಮನೆಯ ಕಟ್ಟೆಯ ಮೇಲೆ ಕೂತು ಹೇಳುವ ಹಾಗೆ ಹೇಳಿದಳು: "ಹೋಗಿ ವರ್ಷಾತಪ್ಪ. ನೀನು ಹಾಕ್ಲಿಲ್ಲ ಅಂತ ಏನು ತಿರುಗಿ ಬಂದ್ಲೇನು?"

ಮಾವ ತಮ್ಮ ಬಲಗೈಯನ್ನು ನೋಡಿಕೊಂಡರು. ಎಣ್ಣೆಯ ಜಿಡ್ಡು ಇನ್ನೂ ಇತ್ತು. ಕೋಟಿಗೆ ಒರೆಸಿಕೊಳ್ಳಲು ಹೋಗಿ ಬಿಟ್ಟರು.

"ಗೊತ್ತಿಲ್ದಂಗೆ ಒಂದ್ಸಲ ಹಾಕೇಬಿಟ್ಟೆ. ಏನೂ ಆಗ್ಲಿಲ್ಲ" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ರೈಲು ಎಷ್ಟೊತ್ತಿಗೈತೆ?"

ರೈಲಿನಲ್ಲಿ ಬಾಣಲೆಯನ್ನು ಯಾರ ಕೈಗೂ ಕೊಡಲಿಲ್ಲ. ತೊಡೆಯ ಮೇಲೆ ಇಟ್ಟುಕೊಂಡು ಕೂತರು. ಎದುರಿಗೆ ಕೂತಿದ್ದವರು, "ಏನ್ರಿ ಯಜಮಾನ್ರೆ, ಪಾತ್ರಿ ವ್ಯಾಪಾರ ಏನು?" ಅಂದರು. "ವ್ಯಾಪಾರ ಅಲ್ರಿ, ಬಹುಮಾನ" ಅಂದರು ಮಾವ. ಯಾರಿಗೆ ಬಂದದ್ದು ಅಂತ ಹೇಳಲಿಲ್ಲ.

ದಾವಣಗೆರೆ ಸ್ಟೇಷನ್ನಿನಿಂದ ಮನೆಯವರೆಗೆ ನಾನು ಒಂದು ಮಾತೂ ಆಡಲಿಲ್ಲ. ಆಡಿದರೆ ಎಲ್ಲಿ ಹೊಸ ನೆಪ ನೆನಪಾಗುತ್ತದೋ ಅಂತ ಭಯ.

ಮನೆಗೆ ಬಂದು ಕೈಕಾಲು ತೊಳೆದುಕೊಂಡು ನೇರ ಅಡಿಗೆಮನೆಗೆ ನಡೆದರು. ಹೊಸ ಬಾಣಲೆಯನ್ನು ಕೆಳಗಿಟ್ಟು ಗೋಡೆ ನೋಡಿದರು.

"ಇದು ನಿನಗೆ ಇರ್ಲಿ. ಅಕ್ಕಂದು ಇಳಿಸಿಕೊಡು."

ಮೊಳೆಯಿಂದ ಇಳಿಸಿದೆ. ಹಳೆಯ ಕಬ್ಬಿಣದ ಬಾಣಲೆ, ತಳ ತುಕ್ಕು ಹಿಡಿದಿತ್ತು. ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದೆ. ಮಾವ ತಾವೇ ಒಲೆಯ ಮೇಲೆ ಇಟ್ಟರು. ತಾವೇ ಎಣ್ಣೆ ಹಾಕಿದರು. ಈ ಸಲ ನಿಧಾನವಾಗಿ, ಆದರೆ ನಿಲ್ಲಿಸದೆ. ಹಿಟ್ಟನ್ನೂ ನಾನೇ ಕಲಸುತ್ತೇನೆ ಅಂದರು. ಪದ್ಧತಿ ಪದ್ಧತಿಯೇ, ಮೊದಲ ಒಬ್ಬೆ ತವರಿನವರದ್ದು. ನಾವು ಯಾರೂ ಬಾಯಿ ಹಾಕಲಿಲ್ಲ. ನಮ್ಮ ಮನೆಯವರು ತಮ್ಮ ಅಂಗಡಿ ಬಿಟ್ಟು ಬಂದು ಬಾಗಿಲಲ್ಲಿ ನಿಂತಿದ್ದರು. ಎಣ್ಣೆಯ ವಾಸನೆ ಮನೆಯ ತುಂಬ ಹರಡಿತು. ಆ ವಾಸನೆ ಇಲ್ಲದೆ ನಮ್ಮ ಮನೆ ಎಷ್ಟು ಸಪ್ಪಗಿತ್ತು ಅನ್ನುವುದು ಆಗಲೇ ತಿಳಿದದ್ದು.

ಬಜ್ಜಿ ವಕ್ರವಕ್ರವಾಗಿ ಬಂದವು. ಒಂದಕ್ಕೆ ಹಿಟ್ಟೇ ಅಂಟಿರಲಿಲ್ಲ. ತಟ್ಟೆಗೆ ಹಾಕಿ ನಿರ್ಮಲಳ ಮುಂದೆ ಇಟ್ಟರು. ಎಲ್ಲರೂ ಅವಳ ಬಾಯಿಯನ್ನೇ ನೋಡುತ್ತ ನಿಂತೆವು.

ಕಚ್ಚಿದಳು. ಅಗಿದಳು. ಕತ್ತು ಮೇಲೆತ್ತಿದಳು.

"ಉಪ್ಪೆಲ್ಲೈತೆ?"

ಹರಿಹರದಲ್ಲಿ ಹಾಲ್ ನಡುಗುವ ಹಾಗೆ "ಉಪ್ಪು ಮರತ್ಲು" ಅಂತ ಕೂಗಿದ್ದ ಮನುಷ್ಯ ತಾನೇ ಉಪ್ಪು ಮರೆತಿದ್ದರು!

ಆ ಕತ್ತು, ಆ ರಾಗ, ಆ ಮಾತು. ಆಮೇಲೆ ಮಾವ ನಗಲು ಶುರು ಮಾಡಿದರು. ನಕ್ಕು ನಕ್ಕು ಒಲೆಯ ಮುಂದೆಯೇ ಕೂತುಬಿಟ್ಟರು. ರುಮಾಲಿನ ತುದಿಯಿಂದ ಕಣ್ಣು ಒರೆಸಿಕೊಂಡರು.

"ಬಂದ್ಲು ನೋಡ್ರಪ್ಪ ನಮ್ಮಕ್ಕ" ಅಂದರು. "ಸುಮ್ನ ಒಂದು ವರ್ಷ ಹೆದರಿದ್ನಲ್ಲೋ!"

ನಿರ್ಮಲಳಿಗೆ ನಾವು ಯಾಕೆ ನಗುತ್ತಿದ್ದೇವೆ, ಯಾಕೆ ಅಳುತ್ತಿದ್ದೇವೆ ಒಂದೂ ತಿಳಿಯಲಿಲ್ಲ. ಮೇಲೆ ಉಪ್ಪು ಉದುರಿಸಿಕೊಂಡು ತಟ್ಟೆ ಖಾಲಿ ಮಾಡಿದಳು.

ಬರುವ ವಾರ ಕುಬಸ. ಮಲೆಬೆನ್ನೂರಿಗೆ ಹೇಳಿ ಕಳಿಸಿದ್ದೇನೆ. ಕೊಟ್ರಪ್ಪ ಮಾವ ಇನ್ನೂ ಇಲ್ಲೇ ಇದ್ದಾರೆ. ಕರ್ಜಿಕಾಯಿ ಮುಗಿಯುವ ತನಕ ಹೋಗುವುದಿಲ್ಲವಂತೆ. ಇದನ್ನು ಬರೆಯುವಾಗಲೂ ಅಡಿಗೆಮನೆಯಿಂದ ಅವರ ಗದ್ದಲ ಕೇಳುತ್ತಿದೆ, ಮಗಳೂ ಅವರಿಗೆ ಸರಿಯಾಗಿ ಗದರುತ್ತಿದ್ದಾಳೆ. ಬಹಳ ದಿನಗಳ ಮೇಲೆ ನಾನು ಒಲೆಯ ಕಡೆ ಬೆನ್ನು ಮಾಡಿ ನಿಶ್ಚಿಂತೆಯಿಂದ ಕೂತಿದ್ದೇನೆ.

ಚಿತ್ರ ಕಾಣುವ ರೇಡಿಯೋ ನಮ್ಮೂರಿಗೂ ಬರಲಿ, ಬೇಡ ಅನ್ನುವುದಿಲ್ಲ. ಆದರೆ ಆ ಪೆಟ್ಟಿಗೆಯೊಳಗೆ ಅಡಿಗೆ ಮಾಡುವ ಹೆಣ್ಣುಮಗಳಿಗೆ ಉಪ್ಪೆಲ್ಲೈತೆ ಅಂತ ಕೇಳುವವರು ಯಾರು?